ಮೆಕಾಂಗ್ ದೋಣಿ ಪಯಣ: ಪಾಕ್‌ಬೆಂಗ್‌ನಲ್ಲಿ ತಂಗುವವರಿಗೆ

ಲಾವೋಸ್‌ನ ಹುವಾಯ್‌ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯ ನಿಧಾನದ ದೋಣಿಯಲ್ಲಿ 2 ದಿನದ ಹಾದಿ. ರಾತ್ರಿ ದೋಣಿ ಓಡುವುದಿಲ್ಲ. ನಡುವೆ ಪಾಕ್‌ಬೆಂಗ್ ಎಂಬ ಸಣ್ಣ ಊರಲ್ಲಿ ತಂಗಬೇಕು. ಮಕ್ಕಳು, ಹಿರಿಯರು ಜೊತೆಗಿದ್ದರೆ ರೂಮು ಮೊದಲೇ ಬುಕ್ ಮಾಡಿಬಿಡಿ.

ದಡ ಕಡಿದಾಗಿದೆ, ನೀರು ಇಳಿದ ತಿಂಗಳುಗಳಲ್ಲಿ ಹತ್ತುವುದು ಇನ್ನೂ ಜಾಸ್ತಿ. ಚಕ್ರದ ಸೂಟ್‌ಕೇಸ್‌ಗಿಂತ ಬೆನ್ನಿಗೆ ಹಾಕುವ ಬ್ಯಾಗೇ ವಾಸಿ. ಒಂದು ಸಾಮಾನನ್ನೂ ದೋಣಿಯಲ್ಲಿ ಬಿಡಬೇಡಿ, ಬೆಳಗ್ಗೆ ನಿಮ್ಮನ್ನು ಬೇರೆ ದೋಣಿಗೆ ಹತ್ತಿಸಬಹುದು.

ಸಸ್ಯಾಹಾರಿಗಳೇ, ಅಲ್ಲಿ ಬರೀ ತರಕಾರಿಯ ಅಡುಗೆಗೂ ಮೀನಿನ ಸಾಸ್ ಹಾಕುವುದುಂಟು. ಆರ್ಡರ್ ಕೊಡುವಾಗಲೇ ಬೇಡ ಎನ್ನಿ. ಅಂಟಂಟಾದ ಅಕ್ಕಿಯ ಅನ್ನ ಸಿಗುತ್ತದೆ, ನಮ್ಮ ಚಟ್ನಿಪುಡಿ ಜೊತೆ ತುಂಬಾ ಚೆನ್ನಾಗಿರುತ್ತದೆ! ಮರುದಿನದ ಊಟವನ್ನೂ ಇಲ್ಲೇ ಕಟ್ಟಿಸಿಕೊಳ್ಳಿ. ಚಳಿಗಾಲದಲ್ಲಾದರೆ ಮಕ್ಕಳ ಸ್ವೆಟರ್ ಬ್ಯಾಗಿನ ಮೇಲೇ ಇರಲಿ, ಬೆಳಗಿನ ನದಿಗಾಳಿ ಚೆನ್ನಾಗಿ ಕೊರೆಯುತ್ತದೆ.