ಬಾಗಿಲ ಹಿಂದೆಯೇ ಹೊಲಿಗೆ ಸಾಮಾನು

ಮನೇಲಿ ಹೊಲಿಗೆ ಮಾಡುವವರಿಗೆ ಒಂದು ಸಲಹೆ. ದಾರ, ಬಾಬಿನ್ (ಮೆಷಿನ್ನಿನ ಕೆಳದಾರ ಸುತ್ತುವ ಪುಟ್ಟ ಉರುಳೆ), ಗುಂಡಿ, ಲೇಸು ಇಡಲು ಬೇರೆ ಕಪಾಟು ಬೇಡ. ಬಾಗಿಲ ಹಿಂದಿನ ಜಾಗವೇ ಸಾಕು.

ಹಳೆಯ ಜೀನ್ಸ್ ಪ್ಯಾಂಟಿನ ಜೇಬುಗಳನ್ನು ಹಿಂಬದಿ ಬಟ್ಟೆ ಸಮೇತ ಕತ್ತರಿಸಿಕೊಳ್ಳಿ. ಸುತ್ತ ಒಂದಿಂಚು ಜಾಸ್ತಿ ಬಿಡಿ. ಅವನ್ನು ದಪ್ಪ ಬಟ್ಟೆಯೊಂದರ ಮೇಲೆ ಸಾಲಾಗಿ ಇಟ್ಟು ಮೂರು ಬದಿ ಹೊಲಿಯಿರಿ. ಮೆಷಿನ್ನಿಗೆ 16 ನಂಬರ್ ಸೂಜಿ ಹಾಕಿ, ಸಣ್ಣ ಸೂಜಿ ಜೀನ್ಸ್ ಮಡಿಕೆಯಲ್ಲಿ ಪಟ್ಟನೆ ಮುರಿಯುತ್ತದೆ. ಮೇಲಂಚು ಮಡಚಿ ಹೊಲಿದು, ಒಳಗೆ ಕೋಲು ತೂರಿಸಿ, ಹಗ್ಗ ಕಟ್ಟಿ ನೇತುಹಾಕಿದರೆ ಆಯ್ತು. ಒಂದೇ ಬಣ್ಣದ ದಾರದ ಉಂಡೆ, ಬಾಬಿನ್ ಎರಡಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಒಂದೇ ಜೇಬಿಗೆ ಇಳಿಸಿ. ಮಕ್ಕಳಿರುವ ಮನೆಯಲ್ಲಿ ಕತ್ತರಿ ಮೇಲಿನ ಸಾಲಿಗೇ ಇರಲಿ.

ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರು ಇಷ್ಟಕ್ಕೇ ನಿಲ್ಲಿಸಬೇಡಿ. ನಮ್ಮ ಮಳೆಗಾಲದ ಥಂಡಿ ಗೊತ್ತೇ ಇದೆ ಅಲ್ವಾ? ಹೊರಗೋಡೆಯ ಬಾಗಿಲು ಬಿಟ್ಟು ಒಳಕೋಣೆಯ ಬಾಗಿಲಿಗೆ ಹಾಕಿ. ಸೂಜಿ, ಗುಂಡುಪಿನ್ನು, ಹುಕ್ಕು ಮಾತ್ರ ಜೇಬಿನಲ್ಲಿ ಬೇಡವೇ ಬೇಡ. ತುಕ್ಕಿನ ಕಲೆ ರೇಷ್ಮೆ ಬ್ಲೌಸಿಗೆ ತಗುಲಿದರೆ ಸುಲಭಕ್ಕೆ ಹೋಗುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಜೊತೆಗೆ ಹಾಕಿ. ಕೈಸೂಜಿಗಳನ್ನು ಮೆಷಿನ್ ಎಣ್ಣೆ ಸವರಿದ ಬಟ್ಟೆ ಚೂರಿಗೆ ಚುಚ್ಚಿಟ್ಟರೆ ಇನ್ನೂ ಒಳ್ಳೆಯದು, ಬಳಸುವ ಮುಂಚೆ ಒರೆಸಿಕೊಳ್ಳಿ. ಮಧ್ಯೆ ಬಿಸಿಲು ಬಿದ್ದ ದಿನ ಜೇಬು ಖಾಲಿ ಮಾಡಿ ಅಂಗಳದಲ್ಲಿ ಒಣಹಾಕಿ, ಬೂಷ್ಟು ಹಿಡಿಯುವುದಿಲ್ಲ.