ರೈಫಲ್ಲನ್ನು ಹಿಡಿಯದೆ ಗುರಿ ಹೊಡೆಯುವುದು

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಯಿಂದ ತೆಂಗಿನಕಾಯಿ ಹೊಡೆದು ಬೆಳೆದವನು ನಾನು. ಕೋವಿಯನ್ನು ಹೆಗಲಿಗೆ ಒತ್ತಿ ಹಿಡಿದೇ ಅಭ್ಯಾಸ. ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಗುಂಡು ಹಾರಿಸುವ ಪಿಸಿಪಿ ಏರ್ ರೈಫಲ್‌ನಲ್ಲಿ ಆ ಅಭ್ಯಾಸವೇ ಕೆಡಿಸಿತು. ಇದು ಒದೆಯುವುದೇ ಇಲ್ಲವೆನ್ನಬೇಕು, ಮತ್ತೆ ಒತ್ತಿ ಹಿಡಿಯುವುದೇಕೆ?

ಕಾಫಿ ಕಣದ ಸಿಮೆಂಟಿನ ಮೇಲೆ ಅಲುಗದ ಹಲಸಿನ ಮೇಜು ಹಾಕಿದ್ದೇನೆ. ರೈಫಲಿನ ಮುಂಭಾಗದ ಮರದ ಹಿಡಿಯ ಕೆಳಗೊಂದು ಮರಳು ಚೀಲ, ಹಿಂಭಾಗಕ್ಕೊಂದು. ನಳಿಗೆ ಮಾತ್ರ ಚೀಲಕ್ಕೆ ತಾಗಬಾರದು. ಕೈ ಬಿಟ್ಟರೂ ಸ್ಕೋಪಿನ ಗೆರೆ ಗುರಿಯ ಮೇಲೇ ನಿಲ್ಲಬೇಕು. ನಿಲ್ಲದಿದ್ದರೆ ಚೀಲ ಸರಿಸಿ, ರೈಫಲ್ ತಿರುಚಬೇಡಿ. ಚೂರು ಮೇಲೆ ಕೆಳಗೆ ಮಾಡಲು ಎಡಗೈಯಲ್ಲಿ ಹಿಂದಿನ ಚೀಲ ಹಿಂಡಿದರಾಯಿತು.

ಕೆನ್ನೆ, ಹೆಗಲು ಎರಡೂ ದೂರ. ಹೆಬ್ಬೆರಳು ಟ್ರಿಗರ್ ಗಾರ್ಡಿನ ಹಿಂದೆ, ತೋರುಬೆರಳ ತುದಿ ಟ್ರಿಗರಿನ ಮೇಲೆ. ಮೆಲ್ಲಗೆ ಚಿವುಟಿದ ಹಾಗೆ. ಪೆಲೆಟ್ (ಏರ್ ರೈಫಲಿನ ಪುಟ್ಟ ಗುಂಡು) ಹೋದ ಮೇಲೂ ಒಂದು ಕ್ಷಣ ಬೆರಳು ಅಲ್ಲೇ ಇರಲಿ. ಟ್ರಿಗರ್ ಬಿಗಿಯಿದ್ದರೆ ಈ ಆಟ ನಡೆಯದು.

ಸ್ಪ್ರಿಂಗಿನ ಬಲದಿಂದ ಹೊಡೆಯುವ ಏರ್ ರೈಫಲ್ ಬೇರೆ ಜಾತಿ, ಚೆನ್ನಾಗಿಯೇ ಒದೆಯುತ್ತದೆ. ಅದನ್ನು ಅಂಗೈ ಮೇಲೆ ಸಡಿಲವಾಗಿ ಕೂರಿಸಿಯೇ ಹೊಡೆಯಬೇಕು.

ಗುರಿಯ ಹಿಂದೆ ಮಣ್ಣಿನ ಬರೆ (ದಿಬ್ಬ) ಇರಲೇಬೇಕು. 4.5 ಮಿ.ಮೀ. ಪೆಲೆಟ್ 25 ಮೀಟರಿನಲ್ಲೂ ಗಾಳಿಗೆ ಸರಿಯುತ್ತದೆ, ಹಾಗಾಗಿ ಸಿಲ್ವರ್ ಓಕ್ ಕೊಂಬೆಗೊಂದು ಉಣ್ಣೆ ದಾರ ಕಟ್ಟಿದ್ದೇನೆ. ಅದು ಇಳಿಬಿದ್ದಾಗ ಹೊಡೆಯುತ್ತೇನೆ.