‘ಆಗಲ್ಲ’ ಅನ್ನುವುದನ್ನು ನೋಡಿ ಕಲಿಯಬಹುದೇ?

ಕಲಿಯಬಹುದು, ಆದರೆ ಅರ್ಧ ಮಾತ್ರ. ಉಳಿದರ್ಧ ಬಾಯಿಬಿಟ್ಟು ಹೇಳಿದರೇ ಬರುವುದು. ದಾಕ್ಷಿಣ್ಯಕ್ಕೆ ಒಪ್ಪಿಕೊಂಡು ಆಮೇಲೆ ಒದ್ದಾಡುವವರಿಗೆ, ಆರೆಂಟು ಜನರ ಗುಂಪುಗಳಲ್ಲಿ ನಾನು ಅಭ್ಯಾಸ ಮಾಡಿಸುವ ಕ್ರಮ ಇದು.

ಯಾರನ್ನು ನೋಡುತ್ತೀರಿ ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಗಟ್ಟಿ ದನಿಯ ಮ್ಯಾನೇಜರನ್ನೋ, ಮನೆಮಂದಿಯೆಲ್ಲ ಹೆದರುವ ದೊಡ್ಡಪ್ಪನನ್ನೋ ಆರಿಸಿಕೊಳ್ಳುತ್ತಾರೆ. ಅಲ್ಲಿ ಕೆಲಸ ಮಾಡುವುದು ಮಾತಲ್ಲ, ಸ್ಥಾನ. ಅದೇ ವಾಕ್ಯ ಹೊಸದಾಗಿ ಕೆಲಸಕ್ಕೆ ಸೇರಿದವರ ಬಾಯಲ್ಲಿ ಉದ್ಧಟತನ ಅನ್ನಿಸಿಕೊಳ್ಳುತ್ತದೆ. ನಿಮ್ಮ ಓರಗೆಯವರನ್ನು, ಸ್ವಲ್ಪ ತಡವರಿಸಿದರೂ ಕೊನೆಗೆ ಹೇಳಬೇಕಾದ್ದನ್ನು ಹೇಳಿಯೇ ತೀರುವವರನ್ನು ಹುಡುಕಿ. ಒಬ್ಬರು ಸಾಲದು, ಮೂವರಾದರೂ ಬೇಕು. ಮನಶ್ಶಾಸ್ತ್ರಜ್ಞ ಅಲನ್ ಕ್ಯಾಜ್ಡಿನ್ 1970ರ ದಶಕದಲ್ಲಿ, ಬೇರೊಬ್ಬರು ಹೀಗೆ ಹೇಳಬೇಕಾದ್ದನ್ನು ಹೇಳುವ ಸನ್ನಿವೇಶಗಳನ್ನು ಜನ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವಂತೆ ಮಾಡಿ ಪರೀಕ್ಷಿಸಿದರು. ಒಬ್ಬರ ಬದಲು ಹಲವರನ್ನು ಕಲ್ಪಿಸಿಕೊಂಡವರಿಗೆ, ಮಾತಾಡಿದ್ದಕ್ಕೆ ಒಳ್ಳೆಯ ಫಲ ಸಿಕ್ಕಿದ್ದನ್ನೂ ಕಲ್ಪಿಸಿಕೊಂಡವರಿಗೆ ಹೆಚ್ಚು ಲಾಭವಾಯಿತು.

ಇನ್ನು, ಏನನ್ನು ನೋಡಬೇಕು? ಸೀರೆ ಅಂಗಡಿಯ ಕೌಂಟರ್ ತೆಗೆದುಕೊಳ್ಳಿ. ‘ಇಲ್ಲಿ ಜರಿ ಕಿತ್ತಿದೆ, ಬದಲಾಯಿಸಿ ಕೊಡಿ’ ಅನ್ನುತ್ತಾರೆ ಒಬ್ಬ ಹೆಂಗಸು. ‘ಮಾರಿದ ಮಾಲು ವಾಪಸ್ ತಗೊಳ್ಳಲ್ಲ ಮೇಡಂ, ಬೋರ್ಡ್ ಇದೆ ನೋಡಿ.’ ‘ನೋಡಿದೆ. ಇದು ಡ್ಯಾಮೇಜ್ ಪೀಸು. ಬದಲಾಯಿಸಿ ಕೊಡಿ.’ ಅಷ್ಟು ಹೇಳಿ ಸುಮ್ಮನಾಗುತ್ತಾರೆ. ಸೀರೆಯನ್ನು ಕವರಿಗೆ ಹಿಂತಿರುಗಿಸುವುದಿಲ್ಲ, ಕಿತ್ತ ಜಾಗದ ಮೇಲಿಟ್ಟ ಬೆರಳನ್ನು ತೆಗೆಯುವುದಿಲ್ಲ. ಎರಡನೇ ಸಲವೂ ಅದೇ ವಾಕ್ಯ, ಅದೇ ದನಿ. ‘ಸಾರಿ’ ಇಲ್ಲ, ಮದುವೆ ಮನೆಗೆ ಹೋಗಬೇಕು ಎಂಬ ಕಥೆಯೂ ಇಲ್ಲ.

ಇದನ್ನು ನೋಡಿದವರ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಇರುವುದು ‘ಧೈರ್ಯವಾಗಿ ಮಾತಾಡಿದರು’ ಎಂಬ ಒಂದು ಸಾಲು. ಅದರಿಂದ ಏನೂ ಕಲಿಯಲಾಗದು, ಧೈರ್ಯವನ್ನು ನಕಲು ಮಾಡುವುದು ಹೇಗೆ? ಕ್ಯಾಮೆರಾಗೆ ಸಿಗುವುದನ್ನಷ್ಟೇ ಬರೆಯಿಸುತ್ತೇನೆ: ಮೊದಲ ವಾಕ್ಯ ಯಥಾವತ್ತಾಗಿ, ಎಷ್ಟು ಕಾರಣ ಕೊಟ್ಟರು, ಎಷ್ಟು ಸೆಕೆಂಡು ಸುಮ್ಮನಿದ್ದರು, ಕೈ ಎಲ್ಲಿತ್ತು. ಮೌನವೇ ಇದರಲ್ಲಿ ಕಷ್ಟದ ಭಾಗ. ಅಭ್ಯಾಸವಿಲ್ಲದವರಿಗೆ ಮೂರು ಸೆಕೆಂಡು ಒಂದು ಯುಗ. ಅದನ್ನು ತುಂಬಲು ಹೋಗಿಯೇ ಅವರು ಸೋಲುತ್ತಾರೆ.

ನೋಡಿ ಕಲಿಯುವುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ನಾಲ್ಕು ಹಂತವಾಗಿ ವಿವರಿಸಿದ್ದಾರೆ: ಗಮನಿಸುವುದು, ನೆನಪಿಟ್ಟುಕೊಳ್ಳುವುದು, ಮಾಡಿ ತೋರಿಸುವುದು, ಮಾಡಲು ಮನಸ್ಸಾಗುವುದು. ಜನ ನಿಂತುಬಿಡುವುದು ಎರಡನೆಯದರಲ್ಲಿ. ಹೀಗೆ ಮಾತಾಡುವುದನ್ನು ಕಲಿಸುವ ಬಗ್ಗೆ ಸಂಶೋಧಕರಾದ ರಿಚರ್ಡ್ ಮ್ಯಾಕ್‌ಫಾಲ್ ಮತ್ತು ಕ್ರೇಗ್ ಟ್ವೆಂಟಿಮನ್ 1973ರಲ್ಲಿ ಪ್ರಕಟಿಸಿದ ನಾಲ್ಕು ಪ್ರಯೋಗಗಳಲ್ಲಿ ಫಲ ಕೊಟ್ಟದ್ದು ಅಭ್ಯಾಸ ಮತ್ತು ಹೇಗೆ ಹೇಳಬೇಕೆಂಬ ಮಾರ್ಗದರ್ಶನ. ಅವೆರಡರ ಜೊತೆಗೆ ಮಾದರಿಯನ್ನೂ ತೋರಿಸಿದ್ದರಿಂದ ಹೆಚ್ಚೇನೂ ಸೇರಲಿಲ್ಲ. ಹಾಗಾಗಿ ಕಂಡದ್ದನ್ನು ಅದೇ ಸಂಜೆ, ನಿಂತುಕೊಂಡು, ಜೋರಾಗಿ ಐದು ಸಲ ಹೇಳಿಸುತ್ತೇನೆ. ಆಮೇಲೆ ಎದುರಿಗೊಬ್ಬರು. ಮೊದಲ ಸುತ್ತಿನಲ್ಲಿ ಅವರು ಕೂಡಲೇ ಒಪ್ಪಬೇಕು, ಎರಡನೆಯದರಲ್ಲಿ ಒಮ್ಮೆ ತಕರಾರು, ಮೂರನೆಯದರಲ್ಲಿ ಮೂರು ಸಲ ಒತ್ತಾಯ. ಮೊದಲೇ ಒತ್ತಾಯಕ್ಕೆ ಇಳಿದರೆ ಕಲಿಯುವವರು ಒಂದೋ ಕಿರುಚುತ್ತಾರೆ, ಇಲ್ಲವೇ ಶರಣಾಗುತ್ತಾರೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಾಗ ನಮ್ಮ ಭಾಷೆಯ ಕಳ್ಳದಾರಿಗಳು ಸಿಕ್ಕಿಬೀಳುತ್ತವೆ. ‘ಆಗಲ್ಲ ಅನ್ಸತ್ತೆ’, ‘ಕಷ್ಟ ಏನೋ’, ಎಲ್ಲಕ್ಕಿಂತ ಮೋಸದ್ದು ‘ನೋಡೋಣ’. ಹೇಳಿದವರ ಮನಸ್ಸಿನಲ್ಲಿ ಅದು ‘ಇಲ್ಲ’, ಕೇಳಿದವರ ಕಿವಿಯಲ್ಲಿ ‘ಹೌದು’. ಬದಲಿಗೆ ದಿನ, ಹೊತ್ತು ಹಾಕಿ: ‘ಇವತ್ತು ಆಗಲ್ಲ ಸರ್. ನಾಳೆ ಹನ್ನೊಂದಕ್ಕೆ ಕೊಡ್ತೀನಿ.’ ಹಿರಿಯರ ಜೊತೆ ಗೌರವ ಬಿಡಬೇಕಾಗಿಲ್ಲ, ಸಂಬಂಧದ ಹೆಸರನ್ನು ಎಲ್ಲಿಡುತ್ತೀರಿ ಅನ್ನುವುದು ಮುಖ್ಯ. ‘ಅತ್ತೆ, ಅದೂ...’ ಅಂತ ಶುರುಮಾಡಿದರೆ ಕೋರಿಕೆಯಾಗುತ್ತದೆ. ‘ಈ ಭಾನುವಾರ ಬರೋಕಾಗಲ್ಲ ಅತ್ತೆ’ ಅಂದರೆ ಮಾತು ಮುಗಿದಿರುತ್ತದೆ, ಪ್ರೀತಿಯೂ ಉಳಿದಿರುತ್ತದೆ. ಈ ಒಂದು ಬದಲಾವಣೆ ಮಾಡುವಷ್ಟು ಕೆಲಸವನ್ನು ದನಿ ಏರಿಸುವುದರಿಂದ ಮಾಡಲಾಗದು.

ಹೊರಗಡೆ ಪ್ರಯೋಗಿಸುವಾಗ ಅಪರಿಚಿತರಿಂದ ಶುರು: ತರಕಾರಿ ಗಾಡಿ, ಹೋಟೆಲ್ ಬಿಲ್ಲು. ಆಮೇಲೆ ಸಹೋದ್ಯೋಗಿಗಳು. ಸಾಲ ಕೇಳುವ ನೆಂಟರು ಕೊನೆಗೆ. ಬಾಯಿಬಿಟ್ಟರೆ ಹೊಡೆತ ಬೀಳುವ ಮನೆಯಲ್ಲಿ ಮಾತ್ರ ಇದನ್ನು ಒಬ್ಬರೇ ಪ್ರಯತ್ನಿಸಬಾರದು, ಅಲ್ಲಿ ಮೊದಲು ಬೇಕಾದ್ದು ಸುರಕ್ಷತೆ, ಜೊತೆಗೆ ನಿಲ್ಲುವವರು.

ಮಾತು ಸರಿಯಾಗಿ ಬಂದಮೇಲೂ ಕೆಡುವ ಒಂದು ಜಾಗವಿದೆ. ಎದುರಿಗೆ ಚೆನ್ನಾಗಿ ‘ಆಗಲ್ಲ’ ಅಂದು ಬಂದವರು ಹತ್ತೇ ನಿಮಿಷದಲ್ಲಿ ‘ಬೇಜಾರಾಗಬೇಡಿ, ಹೇಗಾದ್ರೂ ಮಾಡ್ತೀನಿ’ ಎಂದು ವಾಟ್ಸಾಪ್ ಕಳಿಸಿರುತ್ತಾರೆ. ಅದಕ್ಕೇ ಮೊದಲ ಕೆಲವು ವಾರ, ಹೇಳಿ ಬಂದ ಮೇಲೆ ಒಂದು ಗಂಟೆ ಮೊಬೈಲನ್ನು ಬೇರೆ ಕೋಣೆಯಲ್ಲಿಡಿಸುತ್ತೇನೆ.